ಚೆಸ್‌ನ ‘ಡ್ರಾ’ಗೆ ‘ಸಮಬಲ’ ಸರಿಯೇ, ‘ರಾಜಿ’ ಒಗ್ಗೀತೇ?

ಮಾನ್ಯರೇ,

ತುಮಕೂರಿನಲ್ಲಿ ಈಚೆಗೆ ಶಾಲಾ ಮಕ್ಕಳ ಚೆಸ್ ಪಂದ್ಯಗಳ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಫಲಕಕ್ಕೆ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಆಟದಲ್ಲಿ ಹುಡುಗನ ಬಳಿ ಉಳಿದಿದ್ದುದು ಮೂಲೆ ಸೇರಿದ ಒಂಟಿ ರಾಜ. ಎದುರು ಕುಳಿತ ಹುಡುಗಿಯ ಬಳಿ ರಾಣಿಯೂ ಎರಡು ಪದಾತಿಗಳೂ ಇದ್ದವು. ಅವಳು ಅವಸರದಲ್ಲಿ ರಾಣಿಯನ್ನು ಒಂದು ಮನೆ ಹೆಚ್ಚಾಗಿ ಸರಿಸಿದಳು. ರಾಜನಿಗೆ ಚೆಕ್ ಇರಲಿಲ್ಲ, ಆದರೆ ಹೋಗಲು ಮನೆಯೂ ಇರಲಿಲ್ಲ. ಸ್ಟೇಲ್‌ಮೇಟ್ ಆಗಿ ಆಟ ಡ್ರಾ ಆಯಿತು, ಇಬ್ಬರಿಗೂ ಅರ್ಧ ಅಂಕ ಬಂತು. ನಾನು ‘ಸಮಬಲ’ ಎಂದು ಬರೆದೆ. ಹುಡುಗಿಯ ತಂದೆ ಅದನ್ನು ಓದಿ, “ಇದ್ಯಾವ ಸಮಬಲ ಸ್ವಾಮಿ?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂಕ ಸಮವಾದ ಮಾತ್ರಕ್ಕೆ ಬಲ ಸಮವಾಗುವುದಿಲ್ಲವಷ್ಟೆ.

‘ಡ್ರಾ’ ಎಂಬ ಪದ ಕನ್ನಡದ್ದೇ ಆಗಿಹೋಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಗೊಂದಲವಿರುವುದು ಅದರ ಜೊತೆಗೆ ಬರುವ ಕ್ರಿಯಾಪದದಲ್ಲಿ. 2018ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಮತ್ತು ಸವಾಲುಗಾರ ಕರುವಾನಾ ಆಡಿದ 12 ಕ್ಲಾಸಿಕಲ್ (ದೀರ್ಘಾವಧಿಯ) ಆಟಗಳೂ ಡ್ರಾ ಆದವು. ಮೊದಲನೆಯದರಲ್ಲಿ ಕರುವಾನಾ ಸೋಲಿನ ದವಡೆಯಿಂದ ಪಾರಾಗಲು 115 ನಡೆಗಳವರೆಗೆ ಹೆಣಗಿದರು. ಅದಕ್ಕೆ ‘ಡ್ರಾ ಸಾಧಿಸಿದರು’ ಎಂಬುದು ಹೇಳಿ ಮಾಡಿಸಿದಂತಿದೆ. ಕೊನೆಯದರಲ್ಲಾದರೋ ಮೇಲುಗೈ ಇದ್ದ ಕಾರ್ಲ್‌ಸನ್ 31ನೇ ನಡೆಯಲ್ಲಿ ತಾವೇ ಡ್ರಾ ಪ್ರಸ್ತಾಪಿಸಿ ಕೈಕುಲುಕಿದರು. ಅಲ್ಲಿ ಸಾಧಿಸಿದ್ದೇನು? ಡ್ರಾ ಬೇಕೇ ಬೇಡವೇ ಎಂಬ ಚರ್ಚೆಯ ಬಹುಪಾಲು ಈ ಎರಡನೆಯ ಬಗೆಯ ಸುತ್ತಲೇ ಇದೆ. 2005ರಲ್ಲಿ ಬಲ್ಗೇರಿಯಾದ ಸೋಫಿಯಾ ನಗರದ ಟೂರ್ನಿಯಲ್ಲಿ ಆಟಗಾರರು ತಮ್ಮೊಳಗೇ ಮಾತಾಡಿಕೊಂಡು ಆಟ ಮುಗಿಸುವುದನ್ನು ನಿಷೇಧಿಸಿದ್ದೂ, 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 40ನೇ ನಡೆಗೆ ಮೊದಲು ಪ್ರಸ್ತಾಪ ಕೂಡದೆಂದದ್ದೂ ಇದನ್ನು ತಡೆಯಲೆಂದೇ.

ಮಾತಾಡಿಕೊಂಡು ಮುಗಿಸುವ ಈ ಬಗೆಯ ಡ್ರಾಗೆ ‘ರಾಜಿ’ ಎನ್ನಬಹುದೆಂದು ನನಗೆ ತೋರುತ್ತದೆ. ನ್ಯಾಯಾಲಯದ ರಾಜಿಯಂತೆ ಇಲ್ಲಿಯೂ ಇಬ್ಬರೂ ಅರ್ಧರ್ಧ ಬಿಟ್ಟುಕೊಡುತ್ತಾರೆ. ಆದರೆ ‘ರಾಜಿಯಾದರು’ ಎಂದೊಡನೆ ಒಳಒಪ್ಪಂದದ ವಾಸನೆ ಬಡಿಯುತ್ತದೆಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ‘ರಾಜಿ ಡ್ರಾ’ ಎಂದು ಜೋಡಿಸಿದರೆ ಆ ವಾಸನೆ ಕಳೆದೀತೇ? ಸ್ಟೇಲ್‌ಮೇಟ್‌ಗೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜಗಲಿಯ ಮೇಲೆ ಚದುರಂಗ ಆಡುತ್ತಿದ್ದ ಹಿರಿಯರ ಬಾಯಲ್ಲಿ ಯಾವುದಾದರೂ ಪದವಿತ್ತೇ? ಬಲ್ಲವರು ಪ್ರಯೋಗಸಹಿತ ತಿಳಿಸಬೇಕಾಗಿ ಕೋರುತ್ತೇನೆ.