ಮುಳುಗಡೆ ಕುಟುಂಬಗಳ ಮೇಲೆ ಪಿಎಚ್‌ಡಿ: ಎಲ್ಲಿಂದ ಶುರು ಮಾಡಲಿ?

ಸಾಗರದ ಸೊಸೆ:
ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಮಾವ ಹುಡುಗರಿದ್ದಾಗ ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಮುಳುಗಿತು. ಹಕ್ಕುಪತ್ರದ ಮಾತು ಬಂದರೆ ಈಗಲೂ ಟ್ರಂಕ್ ತೆಗೆದು ಜಗಲಿ ತುಂಬಾ ಕಾಗದ ಹರಡುತ್ತಾರೆ. ಇದರ ಮೇಲೇ ಪಿಎಚ್‌ಡಿ ಮಾಡುವ ಆಸೆ, ಊರಿನವರಿಗೂ ಉಪಯೋಗ ಆಗಬೇಕು. ಜನರ ಜೊತೆ ಮಾತಾಡುತ್ತಾ ಮಾಡುವ ಪಬ್ಲಿಕ್ ಸೋಷಿಯಾಲಜಿ, ಸಮಸ್ಯೆ ಬಗೆಹರಿಸಲು ಬಳಸುವ ಅಪ್ಲೈಡ್ ಸೋಷಿಯಾಲಜಿ ಅಂತಾರಲ್ಲ, ಆ ಹೆಸರಲ್ಲಿ ನಮ್ಮ ಕಡೆ ಸೀಟು ಸಿಗುತ್ತಾ? ಒಬ್ಬ ಪ್ರೊಫೆಸರ್ ‘ಇದು ಸಂಶೋಧನೆಯಲ್ಲಮ್ಮ, ಸಮಾಜಸೇವೆ’ ಅಂದುಬಿಟ್ಟರು. ಮಗು ಚಿಕ್ಕದು, ಕೆಲಸ ಬಿಡಬೇಕಾ?

ಭದ್ರಾವತಿ ಹುಡುಗ:
ಮೇಡಂ, ಮೊದಲು ನೆಟ್ (ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಿರಿ. 2024ರ ಜೂನ್ ಪರೀಕ್ಷೆಯಿಂದ ಆ ಅಂಕ ಪಿಎಚ್‌ಡಿ ಪ್ರವೇಶಕ್ಕೂ ನಡೆಯುತ್ತದೆ. ಅದರಲ್ಲೇ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000, ಆಮೇಲೆ ಮನೆಯಲ್ಲಿ ಯಾರೂ ಮಾತಾಡಲ್ಲ! ಪಾರ್ಟ್ ಟೈಮ್ ಕೂಡ ಇದೆ, ಕಾಲೇಜಿನಿಂದ ಎನ್‌ಒಸಿ ಬೇಕು. 2022ರ ಯುಜಿಸಿ ನಿಯಮದಲ್ಲಿ ಆರು ವರ್ಷ ಅವಕಾಶ, ಹೆಂಗಸರಿಗೆ ಇನ್ನೂ ಎರಡು ಜಾಸ್ತಿ.

ಶಂಕರಘಟ್ಟದ ಹಳಬ:
ತಂಗಿ, ಹೆಸರಿನ ಹಿಂದೆ ಹೋಗಬೇಡಿ. ಅಮೆರಿಕದ ಲೂಯಿವಿಲ್‌ನಲ್ಲಿ ಅಪ್ಲೈಡ್ ಸೋಷಿಯಾಲಜಿ ಅಂತಲೇ ಪಿಎಚ್‌ಡಿ ಇದೆ. ನೀವು ಸುಮ್ನೆ ಸಮಾಜಶಾಸ್ತ್ರ ಅಂತ ರಿಜಿಸ್ಟರ್ ಮಾಡಿಸಿ, ಹಳ್ಳಿ ತಿರುಗಿ ಗೊತ್ತಿರುವ ಗೈಡ್ ಹುಡುಕಿ. ಆ ಪ್ರೊಫೆಸರ್ ಮಾತಿಗೆ ಬೇಜಾರಾಗಬೇಡಿ. ಮೈಕೆಲ್ ಬುರವಾಯ್ 2004ರಲ್ಲಿ ಅಮೆರಿಕದ ಸಮಾಜಶಾಸ್ತ್ರ ಸಂಘದ ಅಧ್ಯಕ್ಷರಾಗಿ ಪಬ್ಲಿಕ್ ಸೋಷಿಯಾಲಜಿ ಪರ ಮಾತಾಡಿದರು. ವೃತ್ತಿಯ ಶಿಸ್ತು ಇಲ್ಲದೆ ಅದು ನಿಲ್ಲದು ಅನ್ನುವುದೂ ಅವರ ವಾದವೇ. ಸ್ವತಃ ಶಿಕಾಗೋದ ಕಾರ್ಖಾನೆಯಲ್ಲಿ ಮೆಷಿನ್ ಓಡಿಸಿ ಬರೆದವರು.

‘ಮುಳುಗಡೆ ಸಂತ್ರಸ್ತರ ಸ್ಥಿತಿಗತಿ’ ಅಂತ ಮಾತ್ರ ಟೈಟಲ್ ಇಡಬೇಡಿ, ದಮ್ಮಯ್ಯ. ಹಕ್ಕುಪತ್ರ ಇಲ್ಲದ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗುವುದು ಹೇಗೆ? ಬೆಳೆಸಾಲ ಯಾರ ಹೆಸರಲ್ಲಿ? ಹೆಣ್ಣುಮಕ್ಕಳ ಹೆಸರು ಯಾವುದಾದರೂ ಕಾಗದದಲ್ಲಿ ಇದೆಯಾ? ಇಷ್ಟು ಕೇಳಿದರೆ ಸಂಶೋಧನೆಯೂ ಆಯ್ತು, ಊರಿಗೆ ಬೇಕಾದದ್ದೂ ಆಯ್ತು.

ಫೀಲ್ಡ್‌ವರ್ಕ್ ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಇಟ್ಟುಕೊಳ್ಳಿ. ಹಗಲು ಯಾರೂ ಸಿಗಲ್ಲ, ನಿಜ. ಆದರೆ ರಾತ್ರಿ ಅಡಿಕೆ ಸುಲಿಯಲು ಸಾಲಾಗಿ ಕೂತಾಗ ಕೈ ಅದರ ಪಾಡಿಗೆ ಓಡುತ್ತಿರುತ್ತದೆ, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ. ನೀವೂ ಒಂದು ಮೆಟ್ಟುಗತ್ತಿ ಹಿಡಿದು ಕೂರಿ. ಪ್ರಶ್ನಾವಳಿ ತೆಗೆದರೆ ಎಲ್ಲರೂ ಯಜಮಾನರ ಮುಖ ನೋಡುತ್ತಾರೆ, ಹೆಂಗಸರು ಒಳಗೆ ಎದ್ದು ಹೋಗುತ್ತಾರೆ.

ಇನ್ನೊಂದು, ಇದು ಮುಖ್ಯ. ಪ್ರಬಂಧ ಮುಗಿದ ಮೇಲೆ ಶೋಧಗಂಗಾ ಅನ್ನುವ ಆನ್‌ಲೈನ್ ಪ್ರಬಂಧ ಭಂಡಾರಕ್ಕೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು. ಅರಣ್ಯ ಜಾಗ ಅಂತ ತಕರಾರಿರುವ ಜಮೀನಿನ ಸರ್ವೆ ನಂಬರನ್ನು ಅದರಲ್ಲಿ ಹಾಕಿದರೆ, ಉಪಕಾರ ಮಾಡಲು ಹೋದವರೇ ಅವರ ಕೈಗೆ ನೋಟಿಸ್ ಕೊಡಿಸಿದ ಹಾಗೆ.

ತೀರ್ಥಹಳ್ಳಿ ಮೇಷ್ಟ್ರು:
ಹಳಬರು ಹೇಳಿದ್ದು ಸರಿ. ಕೆಲಸ ಮಾತ್ರ ಈಗಲೇ ಬಿಡಬೇಡಿ. ಕೋರ್ಸ್‌ವರ್ಕ್ ಶುರುವಾಗಲಿ, ಆಮೇಲೆ ನೋಡಿದರಾಯ್ತು.

ಸಾಗರದ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಸರ್ವೆ ನಂಬರಿನ ವಿಷಯ ಮಾವನಿಗೆ ಹೇಳಿದೆ. ‘ನಮ್ಮ ಹೆಸರು ದಪ್ಪಕ್ಷರದಲ್ಲೇ ಹಾಕು. ಇಷ್ಟು ವರ್ಷ ಅರ್ಜಿ ಕೊಟ್ಟವರು ಈಗ ಬಚ್ಚಿಟ್ಟುಕೊಳ್ಳಬೇಕಾ?’ ಅಂತ ನನಗೇ ಜೋರು ಮಾಡಿದರು. ಏನು ಮಾಡಲಿ ಅಣ್ಣಾ?

ಶಂಕರಘಟ್ಟದ ಹಳಬ:
ಅವರು ಕೇಳುವುದರಲ್ಲೂ ನ್ಯಾಯ ಇದೆ, ಅಲ್ವಾ? ಆದರೆ ಅವರ ಹೆಸರು ಹಾಕಿದರೆ ಬೇಲಿಯಾಚೆಯ ಮನೆ ಯಾವುದು ಅಂತ ಸಾಗರದಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ಮೊದಲು ಆ ಮನೆಯವರನ್ನು ಕೇಳಿಕೊಂಡು ಬನ್ನಿ.