ಮೋರಿ ಮತ್ತೆ ಕಟ್ಟಿಕೊಂಡಿದೆ: ಭಾನುವಾರ ಸೇರುವ ಕುರಿತು

ಮನೆ 14: ರಾತ್ರಿ ಒಂದೂವರೆಗೆ ಅಂಗಳಕ್ಕೆ ನೀರು ನುಗ್ಗಿದಾಗ ನಾನೂ ಮಗನೂ ಟಾರ್ಚ್ ಹಿಡಿದು ಮೋರಿಗೆ ಇಳಿದೆವು. ಬಾಯಿಗೆ ಸಿಕ್ಕಿಕೊಂಡಿದ್ದುದು ಅದೇ ಗೊಬ್ಬರದ ಚೀಲಗಳು, ಎರಡು ಬೇಸಿಗೆಯ ಬಿಸಿಲು ತಿಂದು ಖಾಲಿ ನಿವೇಶನದಲ್ಲಿ ಬಿದ್ದಿದ್ದವು. ಎಳೆದರೆ ಇಡಿಯಾಗಿ ಕೈಗೆ ಬರಲಿಲ್ಲ. ಹಪ್ಪಳದಂತೆ ಪುಡಿಯಾಗಿ, ಬಿಳಿ ಎಳೆಗಳಾಗಿ ತೋಡಿನ ನೀರಿನೊಂದಿಗೆ ಕಾವೇರಿಯ ಕಡೆಗೆ ಹೋದವು. ಹೋದ ವರ್ಷ ಚೀಲ ಎತ್ತೋಣವೆಂದಾಗ ನಮ್ಮ ಬೀದಿಯ ಈ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿ ತೋರಿಸಿದವರಲ್ಲಿ ಒಬ್ಬರಾದರೂ ಚೀಲ ಎತ್ತಲು ಬಂದಿರಾ?

ಮನೆ 9: ಕ್ಷಮಿಸಿ, ಮೂಲ ಕಾರಣ ಪ್ರವಾಸಿಗರು. ಶನಿವಾರ ದಂಡೆಯಲ್ಲಿ ಗಾಡಿ ನಿಲ್ಲಿಸಿ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ ಎಸೆದು ಹೋಗುವವರನ್ನು ತಡೆಯದೆ ಬೇರೆ ಯಾವ ಮಾತೂ ವ್ಯರ್ಥ ಎಂದು ನಾನು ಮೂರು ವರ್ಷದಿಂದ ಹೇಳುತ್ತಿದ್ದೇನೆ.

ಮನೆ 22: ಗೊಬ್ಬರದ ಚೀಲವನ್ನೂ ಅವರೇ ಬೆಂಗಳೂರಿನಿಂದ ಹೊತ್ತು ತಂದರೇ ಸರ್?

ಮನೆ 9: ನನ್ನ ಶುಂಠಿ ಗದ್ದೆಯನ್ನು ಇಲ್ಲಿಗೆ ಎಳೆಯಬೇಡಿ. ಆ ಚೀಲಗಳು ನನ್ನವೆಂದು ಸಾಬೀತು ಮಾಡಿ, ಆಮೇಲೆ ಮಾತಾಡೋಣ.

ಮನೆ 3 (ಮೇಷ್ಟ್ರು): ಯಾರ ಚೀಲ ಎಂಬುದು ಹೊಳೆಗೆ ಬೇಕಿಲ್ಲ. ಐದು ಮಿಲಿಮೀಟರಿಗಿಂತ ಚಿಕ್ಕದಾದ ಚೂರನ್ನು ಸೂಕ್ಷ್ಮ ಪ್ಲಾಸ್ಟಿಕ್ ಎನ್ನುತ್ತಾರೆ. ಬಿಸಿಲಿಗೆ ಸೆಡೆತು ಒಡೆದ ಚೀಲವೂ, ನಮ್ಮ ನಿಮ್ಮ ಪಾಲಿಯೆಸ್ಟರ್ ಬಟ್ಟೆ ಒಗೆದ ನೀರೂ ಅದನ್ನೇ ಹುಟ್ಟಿಸುತ್ತವೆ. ನಮ್ಮ ಹೊಳೆ ಹೋಗಿ ಸೇರುವ ಕನ್ನಂಬಾಡಿ ಜಲಾಶಯದ ನೀರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಂತ ಮತ್ತು ನಿಧಾನವಾಗಿ ಹರಿಯುವ ನೀರಿನಲ್ಲಿ ಬೆಳೆಸಿದ ಜೀಬ್ರಾ ಮೀನಿನ ಭ್ರೂಣಗಳಿಗೆ ಮೂಳೆಯ ವಿಕಾರವೂ ಡಿಎನ್‌ಎ ಹಾನಿಯೂ ಕಂಡವು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೂ ತೊಂದರೆ ಉಳಿಯಿತು. ಅದೇ ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಇತ್ತು. ಅದೊಂದೇ ಕಾರಣವೆಂದು ಅವರು ತೀರ್ಪು ಕೊಟ್ಟಿಲ್ಲ, ನಾನೂ ಕೊಡುವುದಿಲ್ಲ.

ಮನೆ 17: ಬಂದದ್ದನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: "ನೀರು ಕುದಿಸಿ ಕುಡಿಯಿರಿ, ಶೇಕಡಾ 90ರಷ್ಟು ಪ್ಲಾಸ್ಟಿಕ್ ಮಾಯ! ಹತ್ತು ಜನರಿಗೆ ಹಂಚಿ!" ಇಲ್ಲವಾದರೆ ಈ ಕಕ್ಕಡದಲ್ಲಿ (ನಮ್ಮ ಕೊಡಗಿನ ಆಟಿ ತಿಂಗಳು) ಹದಿನೆಂಟು ಮದ್ದಿನ ಪಾಯಸಕ್ಕೆ ಹತ್ತೊಂಬತ್ತನೇ ಮದ್ದು ಸೇರಿತೆಂದು ತಿಳಿಯೋಣ.

ಮನೆ 3 (ಮೇಷ್ಟ್ರು): ಅದು ಗಡಸು ನೀರಿನ ಲೆಕ್ಕ. ಕುದಿಯುವಾಗ ಕಟ್ಟುವ ಸುಣ್ಣದೊಳಗೆ ಚೂರುಗಳು ಸಿಕ್ಕಿಬೀಳುತ್ತವೆ. ಮೆದು ನೀರಿನಲ್ಲಿ ಕಾಲು ಭಾಗ ಹೋದರೆ ಹೆಚ್ಚು, ನಮ್ಮ ಪಾತ್ರೆಗಳಲ್ಲಿ ಸುಣ್ಣ ಕಟ್ಟುವುದೇ ಅಪರೂಪ.

ಮನೆ 22: ಹಾಗಿದ್ದರೆ ಮೋರಿಯ ಬಾಯಿಗೆ ಜಾಲರಿ ಹಾಕಿಸೋಣ.

ಮನೆ 14: ಅಕ್ಕ, ಜಾಲರಿ ಚೀಲವನ್ನು ಹಿಡಿಯುತ್ತದೆ, ಪುಡಿಯನ್ನಲ್ಲ. ಎರಡು ಮಳೆಗೆ ಸೊಪ್ಪು ಕಟ್ಟಿಕೊಂಡರೆ ನೀರು ಮತ್ತೆ ನನ್ನ ಅಂಗಳಕ್ಕೇ. ಚೀಲ ಇನ್ನೂ ಚೀಲವಾಗಿ ಇರುವಾಗಲೇ ಎತ್ತಬೇಕು. ಅಲ್ಲಿ ಇನ್ನೂ ನಲವತ್ತರಷ್ಟು ಇವೆ.

ಮನೆ 9: ಭಾನುವಾರ ಏಳು ಗಂಟೆಗೆ ಎಲ್ಲರೂ ಸೇರಿ. ಚಹಾ ನನ್ನ ಖರ್ಚು, ಕಾಗದದ ಕಪ್ಪು ತರಿಸುತ್ತೇನೆ.

ಮನೆ 3 (ಮೇಷ್ಟ್ರು): ಕಾಗದದ ಕಪ್ಪಿನ ಒಳಗೂ ಪ್ಲಾಸ್ಟಿಕ್ಕಿನ ತೆಳು ಪದರವಿದೆ. ಖರಗ್‌ಪುರದ ಐಐಟಿಯವರ ಪರೀಕ್ಷೆಯಲ್ಲಿ ಅಂಥ ಕಪ್ಪಿನಲ್ಲಿದ್ದ ನೂರು ಮಿಲಿಲೀಟರ್ ಬಿಸಿ ನೀರಿಗೆ ಹದಿನೈದು ನಿಮಿಷದಲ್ಲಿ ಸುಮಾರು 25,000 ಕಣಗಳು ಬಿಟ್ಟುಕೊಂಡಿದ್ದವು.

ಮನೆ 17: ಸ್ಟೀಲ್ ಲೋಟ ಕೊಳ್ಳೋಣ. ಮದುವೆ, ತಿಥಿ, ಗಣೇಶನ ಹಬ್ಬ ಎಲ್ಲಕ್ಕೂ ಆಗುತ್ತದೆ.

ಮನೆ 22: ಒಪ್ಪಿಗೆ. ದೊಡ್ಡ ಲೋಟವೋ ಚಿಕ್ಕದೋ?

ಮನೆ 9: ಮಳೆಯ ಕಾರಣ ಭಾನುವಾರ ನಮ್ಮ ಜಗುಲಿಯಲ್ಲೇ ಸೇರೋಣ. ವಿಷಯ: ಲೋಟ ಖರೀದಿ. ಮನೆಗೆ ನೂರು ರೂಪಾಯಿ. ಚೀಲದ ವಿಚಾರ ಮಳೆ ಬಿಟ್ಟ ಮೇಲೆ.

ಮನೆ 14: ನಾಳೆ ಬೆಳಗ್ಗೆ ಆರಕ್ಕೆ ನಾವಿಬ್ಬರೂ ಎತ್ತಲು ಹೋಗುತ್ತೇವೆ. ಕೈಗವಸು ಇದ್ದವರು ನಮ್ಮ ಗೇಟಿಗೆ ಸಿಕ್ಕಿಸಿ ಹೋಗಿ.