ಸಿಎಚ್ 701, ರೋಟ್ಯಾಕ್ಸ್ 912: ಫುಲ್ ಥ್ರಾಟಲ್ ಕೊಟ್ಟರೂ 4820 ದಾಟುತ್ತಿಲ್ಲ

ಗ್ಯಾರೇಜ್ ಹಕ್ಕಿ

ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಈಗಿರುವುದು ಅಮೆರಿಕದ ಕೊಲರಾಡೋದಲ್ಲಿ. ಐದು ವರ್ಷ ಗ್ಯಾರೇಜಿನಲ್ಲಿ ಕೂತು ರಿವೆಟ್ ಹೊಡೆದು ಜೆನಿತ್ ಸಿಎಚ್ 701 ಅನ್ನುವ ಎರಡು ಸೀಟಿನ ಪುಟ್ಟ ವಿಮಾನ ಕಟ್ಟಿದೆ. ಆ ಐದೂ ಚಳಿಗಾಲ ಹೆಂಡತಿಯ ಕಾರು ಹೊರಗೆ ಹಿಮದಲ್ಲಿ ನಿಂತಿತ್ತು. ಆ ಕಥೆ ಈಗ ಬೇಡ.

ಎಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್, 100 ಎಚ್‌ಪಿ. ಬಿಂಗ್ ಕಂಪನಿಯ ಎರಡು ಕಾರ್ಬ್ (ಕಾರ್ಬ್ಯುರೇಟರ್, ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ). ಮೂರು ಎಲೆಯ ಪ್ರೊಪೆಲ್ಲರ್, ಪಿಚ್ (ಎಲೆಗಳ ಓರೆ) ನೆಲದ ಮೇಲೆ ಮಾತ್ರ ಬದಲಾಯಿಸಬಹುದು. ಮೊದಲ 40 ಗಂಟೆಯ ಟೆಸ್ಟ್ ಹಾರಾಟ ಹೋದ ವರ್ಷವೇ ಮುಗಿಯಿತು. ಈಗ ಒಟ್ಟು 112 ಗಂಟೆ.

ತೊಂದರೆ ಇಷ್ಟು. ಹೋದ ಜುಲೈನಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು ಫುಲ್ ಥ್ರಾಟಲ್ ಕೊಟ್ಟರೆ 5230 ಆರ್‌ಪಿಎಂ ಬರುತ್ತಿತ್ತು. ಈಗ 4820. ಒಬ್ಬನೇ ಕೂತರೆ ನಿಮಿಷಕ್ಕೆ 700 ಅಡಿ ಏರುತ್ತಿದ್ದದ್ದು ಈಗ 350. ರನ್‌ವೇ ಕೊನೆಯ ಮರಗಳು ಇತ್ತೀಚೆಗೆ ಜಾಸ್ತಿ ಎತ್ತರ ಬೆಳೆದ ಹಾಗೆ ಕಾಣುತ್ತಿವೆ.

“ಬಿಸಿಲು ಸ್ವಾಮಿ, ಎತ್ತರದ ಜಾಗ” ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಲಾಂಗ್‌ಮಾಂಟ್ ಏರ್‌ಪೋರ್ಟ್ ಸಮುದ್ರ ಮಟ್ಟದಿಂದ 5055 ಅಡಿ ಮೇಲಿದೆ. ಆ ಎತ್ತರಕ್ಕೆ ಲೆಕ್ಕದ ಪ್ರಕಾರ 5 ಡಿಗ್ರಿ ಇರಬೇಕು. ಬಿಸಿಯಾದಷ್ಟೂ ಗಾಳಿ ತೆಳು; 30 ಡಿಗ್ರಿ ಇದ್ದರೆ 25 ಡಿಗ್ರಿ ಜಾಸ್ತಿ, ಡಿಗ್ರಿಗೆ 120 ಅಡಿಯಂತೆ 3000 ಅಡಿ ಸೇರಿಸಬೇಕು. ಅಂದರೆ ಎಂಜಿನ್ ಪಾಲಿಗೆ ನಾನು 8000 ಅಡಿಯಲ್ಲಿ ನಿಂತಿದ್ದೇನೆ. ನೂರು ಎಚ್‌ಪಿಯಲ್ಲಿ ಮುಕ್ಕಾಲು ಭಾಗ ಸಿಕ್ಕರೆ ಪುಣ್ಯ. ಇದೆಲ್ಲ ಗೊತ್ತು. ಆದರೆ ಆ 5230 ಬಂದದ್ದೂ 30 ಡಿಗ್ರಿಯಲ್ಲೇ, ಇದೇ ಜಾಗದಲ್ಲೇ. ಲಾಗ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಇಲ್ಲಿಯವರೆಗೆ ಮಾಡಿದ್ದು: ಎಂಟೂ ಸ್ಪಾರ್ಕ್ ಪ್ಲಗ್ ಹೊಸದು ಹಾಕಿದೆ. ಪೆಟ್ರೋಲ್ ಫಿಲ್ಟರ್ ಹೊಸದು. ಏರ್ ಫಿಲ್ಟರ್ ತೊಳೆದೆ. ಏನೂ ಬದಲಾಗಲಿಲ್ಲ. ಏಪ್ರಿಲ್‌ನಲ್ಲಿ ವಾರ್ಷಿಕ ತಪಾಸಣೆ ನಾನೇ ಮಾಡಿದ್ದೆ (ಕಟ್ಟಿದವನಿಗೆ ಇಲ್ಲಿ ಅದಕ್ಕೆ ಸರ್ಟಿಫಿಕೇಟ್ ಕೊಡುತ್ತಾರೆ). ಆಗ ಕಾರ್ಬ್ ಬಿಚ್ಚಿ ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ತುಂಡು) ತೂಕ ಹಾಕಿದ್ದೆ. ಒಂದು ಕಾರ್ಬ್‌ನ ಜೋಡಿ ಸೇರಿ 7 ಗ್ರಾಂ ದಾಟಬಾರದು. ನನ್ನ ಎರಡು ಜೋಡಿ 6.3 ಮತ್ತು 6.4, ಹಾಗಾಗಿ ಕಾರ್ಬ್ ಮೇಲೆ ಅನುಮಾನ ಇಲ್ಲ.

ಇನ್ನೇನು ನೋಡಲಿ?

ಪಿಚ್ ಪಾಂಡು

ಪ್ರೊಪೆಲ್ಲರ್ ಪಿಚ್ ಎರಡು ಡಿಗ್ರಿ ಕಡಿಮೆ ಮಾಡಿ. ಡಿಗ್ರಿಗೆ ಹೆಚ್ಚುಕಡಿಮೆ 200 ಆರ್‌ಪಿಎಂ ಏರುತ್ತೆ. ಅರ್ಧ ಗಂಟೆಯ ಕೆಲಸ.

ಜಕ್ಕೂರು ಮಾಮ

ತಮ್ಮಾ, ಪಿಚ್ ಮುಟ್ಟಬೇಡಿ. ನಿಮ್ಮ ಪ್ರೊಪೆಲ್ಲರ್ ಹೋದ ವರ್ಷದ್ದೇ, ಪಿಚ್ ಹೋದ ವರ್ಷದ್ದೇ ಅಲ್ವಾ? ಅದನ್ನು ಅಷ್ಟೇ ವೇಗದಲ್ಲಿ ತಿರುಗಿಸುವ ಶಕ್ತಿ ಈಗ ಎಂಜಿನ್‌ಗಿಲ್ಲ. ಪಿಚ್ ಕಡಿಮೆ ಮಾಡಿದರೆ ಮೀಟರ್‌ನಲ್ಲಿ 5200 ಕಾಣುತ್ತೆ, ಕಾಯಿಲೆ ಒಳಗೇ ಇರುತ್ತೆ. ಜ್ವರ ಇದೆ ಅಂತ ಥರ್ಮಾಮೀಟರ್ ತಣ್ಣೀರಿಗೆ ಅದ್ದಿದ ಹಾಗೆ.

ನಾನು ಜಕ್ಕೂರಿನಲ್ಲಿ ಬಹಳ ವರ್ಷ ಮೈಕ್ರೋಲೈಟ್ ರಿಪೇರಿ ಮಾಡಿದವನು. ಹೆಚ್ಚಿನವಕ್ಕೆ ಟೂ ಸ್ಟ್ರೋಕ್ 582 ಎಂಜಿನ್. ಒಂದು ವಿಮಾನ ಐದಾರು ನಿಮಿಷ ಸರಿಯಾಗಿ ಹಾರಿ ಆಮೇಲೆ ಸುಸ್ತಾಗುತ್ತಿತ್ತು. ಕೆಳಗಿಳಿಸಿ ಟ್ಯಾಂಕ್ ಮುಚ್ಚಳ ತೆಗೆದರೆ ಸುಯ್ ಅಂತ ಗಾಳಿ ಒಳಗೆ ಹೋಗುತ್ತಿತ್ತು, ಮತ್ತೆ ಐದು ನಿಮಿಷ ಸರಿ. ಟ್ಯಾಂಕಿನ ಉಸಿರಾಟದ ಪೈಪಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು! ಅದು ಸಿಗುವ ಮೊದಲು ನಾವು ಬದಲಾಯಿಸಿದ ಸಾಮಾನಿನ ಪಟ್ಟಿ ಹೇಳಿದರೆ ನಗುತ್ತೀರಿ.

ಅದಕ್ಕೇ ಕೇಳುತ್ತೇನೆ. ನಿಮ್ಮದು ಥ್ರಾಟಲ್ ಕೊಟ್ಟ ಕ್ಷಣದಿಂದಲೇ ಸುಸ್ತೋ, ಸ್ವಲ್ಪ ಹೊತ್ತು ಬಿಟ್ಟೋ? ಫುಲ್ ಥ್ರಾಟಲ್‌ನಲ್ಲಿ ಮಾತ್ರವೋ, 4000ದಲ್ಲೂ ಹಾಗೆಯೋ? ನಡುಕ ಇದೆಯೋ? ಎಡ ಬಲ ಇಜಿಟಿ (ಎಂಜಿನ್ ಹೊಗೆಯ ಬಿಸಿ) ಎಷ್ಟು? ಎರಡು ಇಗ್ನಿಷನ್‌ನಲ್ಲಿ ಒಂದೊಂದೇ ಆಫ್ ಮಾಡಿದರೆ ಆರ್‌ಪಿಎಂ ಎಷ್ಟು ಇಳಿಯುತ್ತೆ?

ಎಲ್ಲಕ್ಕಿಂತ ಮೊದಲು, ಮೀಟರ್ ನಿಜ ಹೇಳುತ್ತಿದೆಯಾ ನೋಡಿ. ಯಾರ ಹತ್ತಿರವಾದರೂ ಆಪ್ಟಿಕಲ್ ಟ್ಯಾಕೋ (ಬೆಳಕಿನಿಂದ ಸುತ್ತು ಎಣಿಸುವ ಮೀಟರ್) ಇದ್ದರೆ ಪ್ರೊಪೆಲ್ಲರ್ ಹಿಂದಿನಿಂದ, ಕಾಕ್‌ಪಿಟ್‌ನಲ್ಲೇ ಕೂತು ಹಿಡಿಯಿರಿ. ಮೂರು ಎಲೆ ಅಂತ ಸೆಟ್ ಮಾಡುವುದು ಮರೀಬೇಡಿ. ಟ್ಯೂಬ್‌ಲೈಟ್ ಕೆಳಗೆ ಬೇಡ, ಹೊರಗೆ ಬಿಸಿಲಲ್ಲಿ. ಗೇರ್‌ಬಾಕ್ಸ್ 2.43ಕ್ಕೆ 1, ಅಂದರೆ ಎಂಜಿನ್ 2.43 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. ಲೆಕ್ಕ ಹಾಕಿ.

ಉತ್ತರ ಸಿಗುವ ತನಕ ಹಾರಬೇಡಿ. ವಿಮಾನವನ್ನು ಹಗ್ಗದಲ್ಲಿ ಕಟ್ಟಿಯೇ ಓಡಿಸಿ.

ಗ್ಯಾರೇಜ್ ಹಕ್ಕಿ

ಮಾಮ, ಬೈದಿದ್ದಕ್ಕೆ ಥ್ಯಾಂಕ್ಸ್. ಪಿಚ್ ಬದಲಾಯಿಸಲು ಸ್ಪ್ಯಾನರ್ ಕೈಯಲ್ಲಿ ಹಿಡಿದೇ ನಿಮ್ಮ ಉತ್ತರ ಓದಿದೆ.

ಇಂದು ಬೆಳಿಗ್ಗೆ ಬಾಲಕ್ಕೆ ಹಗ್ಗ ಕಟ್ಟಿ ಓಡಿಸಿದೆ. ಪಕ್ಕದ ಹ್ಯಾಂಗರ್‌ನವರ ಟ್ಯಾಕೋ 1980 ತೋರಿಸಿತು. 2.43ರಿಂದ ಗುಣಿಸಿದರೆ 4811. ಮೀಟರ್ ಸುಳ್ಳು ಹೇಳುತ್ತಿಲ್ಲ.

ಸುಸ್ತು ಮೊದಲ ಕ್ಷಣದಿಂದಲೇ ಇದೆ, ಟ್ಯಾಂಕ್ ಮುಚ್ಚಳ ತೆಗೆದಿಟ್ಟರೂ ಅಷ್ಟೇ. ಪೆಟ್ರೋಲ್ ಪ್ರೆಶರ್ 4 ಪಿಎಸ್‌ಐ, ಅಲುಗಾಡಲಿಲ್ಲ. 4000ದಲ್ಲಿ ಇಗ್ನಿಷನ್ ಒಂದಕ್ಕೆ 90 ಇಳಿಯಿತು, ಇನ್ನೊಂದಕ್ಕೆ 110. ಮಿತಿ 300 ಇರುವುದರಿಂದ ಚಿಂತೆ ಇಲ್ಲ. ಲೀಕ್ ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ನೋಡುವುದು) ಕೂಡ ಮಾಡಿದೆ, 87 ಪಿಎಸ್‌ಐ ಕೊಟ್ಟರೆ ನಾಲ್ಕೂ ಸಿಲಿಂಡರ್ 82ಕ್ಕಿಂತ ಮೇಲೆ ನಿಂತವು. ಚೋಕ್ ಎರಡೂ ಕಡೆ ಪೂರ್ತಿ ಮುಚ್ಚುತ್ತಿದೆ. ಥ್ರಾಟಲ್ ಲಿವರ್ ಎರಡೂ ಕೊನೆಯ ಸ್ಟಾಪ್‌ಗೆ ತಾಗುತ್ತಿವೆ.

ಐಡಲ್‌ನಲ್ಲಿ ಬೆಣ್ಣೆ ಥರ ಓಡುತ್ತೆ. 4500 ದಾಟಿದ ಮೇಲೆ ಮಾತ್ರ ಒಂಥರಾ ನಡುಕ, ದಿಕ್ಸೂಚಿಯ ಮುಳ್ಳು ಕುಣಿಯುತ್ತೆ. ಇಷ್ಟು ದಿನ ಅದು ದಿಕ್ಸೂಚಿಯ ದೋಷ ಅಂದುಕೊಂಡಿದ್ದೆ. ಫುಲ್ ಥ್ರಾಟಲ್‌ನಲ್ಲಿ ಎಡಗಡೆ ಇಜಿಟಿ ಬಲಕ್ಕಿಂತ 55 ಡಿಗ್ರಿ ಕಡಿಮೆ. ಹೋದ ವರ್ಷ ಹತ್ತು ಡಿಗ್ರಿ ವ್ಯತ್ಯಾಸವೂ ಇರಲಿಲ್ಲ.

ಕಾರ್ಬ್ ಮಂಜ, ದಾವಣಗೆರೆ

ಅಣ್ಣಾ, ವಿಮಾನ ನಾನು ಆಕಾಶದಲ್ಲಿ ಮಾತ್ರ ನೋಡಿದ್ದು. ನನ್ನದು ಬೈಕ್ ಗ್ಯಾರೇಜ್. ಆದರೆ ನೀವು ಹೇಳಿದ ಬಿಂಗ್ ಕಾರ್ಬ್ ಫೋಟೋ ಹುಡುಕಿ ನೋಡಿದೆ. ಇದು ಸಿವಿ ಕಾರ್ಬ್ ಅಣ್ಣ! ಹಳೆ ಬಿಎಂಡಬ್ಲ್ಯು ಬೈಕಿಗೂ ಇದೇ ಜಾತಿ ಬರ್ತಿತ್ತು. ನಮ್ಮ ಹಳೆ ಪಲ್ಸರ್ 180ರಲ್ಲಿ ಇದರ ತಮ್ಮ ಇತ್ತು.

ಇದರಲ್ಲಿ ನೀವು ಥ್ರಾಟಲ್ ಎಳೆದರೆ ಒಳಗಿನ ಚಿಟ್ಟೆ ಬಾಗಿಲು ಮಾತ್ರ ತೆರೆಯುತ್ತೆ. ಪೆಟ್ರೋಲ್ ಅಳೆದು ಬಿಡುವ ನೀಡಲ್ ಹಿಡಿದಿರುವ ಸ್ಲೈಡ್‌ಗೂ ನಿಮ್ಮ ಕೇಬಲ್‌ಗೂ ಸಂಬಂಧವೇ ಇಲ್ಲ. ಅದನ್ನು ಎತ್ತುವುದು ಗಾಳಿ. ಮೇಲೆ ತೆಳ್ಳನೆ ರಬ್ಬರ್ ಡಯಾಫ್ರಮ್ ಇದೆ, ಅದರ ಮೇಲಿನ ಗಾಳಿ ಎಳೆದುಕೊಂಡಾಗ ಸ್ಲೈಡ್ ಮೇಲೇಳುತ್ತೆ. ರಬ್ಬರ್ ತೂತಾದರೆ? ಲಿವರ್ ಸ್ಟಾಪ್‌ಗೆ ತಾಗಿರುತ್ತೆ, ಸ್ಲೈಡ್ ಅರ್ಧದಲ್ಲೇ ಕೂತಿರುತ್ತೆ. ಐಡಲ್‌ನಲ್ಲಿ ಸ್ಲೈಡ್ ಹೇಗೂ ಕೆಳಗೇ ಇರುವುದರಿಂದ ಏನೂ ಗೊತ್ತಾಗಲ್ಲ. ಗಿರಾಕಿ ಬಂದು ಇದನ್ನೇ ಹೇಳ್ತಾರೆ: “ಊರೊಳಗೆ ಚೆನ್ನಾಗಿ ಓಡುತ್ತೆ ಮಂಜಣ್ಣ, ಹೈವೇನಲ್ಲಿ 60 ದಾಟಲ್ಲ.” ನಿಮ್ಮಲ್ಲಿ ಎರಡು ಕಾರ್ಬ್, ಒಂದು ಕೆಟ್ಟರೆ ಅದರ ಕಡೆಯ ಸಿಲಿಂಡರ್‌ಗಳು ಮಾತ್ರ ಉಪವಾಸ. ಅದಕ್ಕೇ ನಡುಕ.

ಫ್ಲೋಟ್ ಇರುವುದು ಕೆಳಗೆ. ನೀವು ಕೆಳಗೆ ನೋಡಿ ಕಾರ್ಬ್ ಪಾಸ್ ಅಂದಿರಿ. ಏರ್ ಫಿಲ್ಟರ್ ತೆಗೆದು ಬೆರಳಲ್ಲಿ ಎರಡೂ ಸ್ಲೈಡ್ ಎತ್ತಿ ಬಿಡಿ. ಎಂಜಿನ್ ಆಫ್ ಇರಬೇಕು, ಇಗ್ನಿಷನ್ನೂ ಆಫ್. ಎರಡೂ ಒಂದೇ ಥರ ಬಿಗಿಯಾಗಿ ಏರಿ ನಿಧಾನ ಇಳಿಯಬೇಕು. ಒಂದು ಸಡಿಲವಾಗಿ ಏರಿ ಟಪ್ ಅಂತ ಬಿದ್ದರೆ ಮೇಲಿನ ಮುಚ್ಚಳ ಬಿಚ್ಚಿ ನೋಡಿ.

ಗ್ಯಾರೇಜ್ ಹಕ್ಕಿ

ಮಂಜ, ನೀನು ಎದುರಿಗಿದ್ದಿದ್ದರೆ ಬೆಣ್ಣೆದೋಸೆ ಕೊಡಿಸುತ್ತಿದ್ದೆ. ನಿಮ್ಮೂರಿನವನಿಗೇ ಬೆಣ್ಣೆದೋಸೆ ಕೊಡಿಸುವುದೂ ಒಂದು ಅಧಿಕಪ್ರಸಂಗವೇ ಅನ್ನು.

ಬಲಗಡೆಯದು ನೀನು ಹೇಳಿದ ಹಾಗೆ ಇಳಿಯಿತು. ಎಡಗಡೆಯದು ಟಪ್.

ಮೇಲಿನ ಮುಚ್ಚಳಕ್ಕೆ ಎರಡೇ ಸ್ಕ್ರೂ. ಸ್ಪ್ರಿಂಗ್ ಹಾರದ ಹಾಗೆ ಕೈಯಲ್ಲಿ ಒತ್ತಿ ಹಿಡಿದು ಬಿಚ್ಚಿದೆ. ಡಯಾಫ್ರಮ್ಮಿನ ಅಂಚಿನಲ್ಲಿ ಉಗುರಿನ ಆಕಾರದ ಹರುಕು. ಟಾರ್ಚ್ ಹಿಂದಿನಿಂದ ಹಿಡಿದರೆ ಬೆಳಕಿನ ಒಂದು ಬಿದಿಗೆ ಚಂದ್ರ. ಹರುಕಿನ ಪಕ್ಕದಲ್ಲೇ ರಬ್ಬರ್ ಚಪ್ಪಟೆಯಾಗಿ, ಲೋಹದ ಅಂಚಿನ ಗುರುತು ಹಾಗೇ ಒತ್ತಿಕೊಂಡಿದೆ.

ಈಗ ತಪ್ಪೊಪ್ಪಿಗೆ. ಏಪ್ರಿಲ್‌ನಲ್ಲಿ ಫ್ಲೋಟ್ ತೂಕಕ್ಕೆ ಕೆಳಗಿನ ಬೌಲ್ ಬಿಚ್ಚಿದರೆ ಸಾಕಿತ್ತು. ನಾನು ಒಳಗೆ ಹೇಗಿದೆ ನೋಡೋಣ ಅಂತ ಸುಮ್ನೆ ಮೇಲಿನ ಮುಚ್ಚಳವನ್ನೂ ತೆಗೆದಿದ್ದೆ. ಈ ರಬ್ಬರಿನ ಅಂಚಿನಲ್ಲಿ ಒಂದು ಪುಟ್ಟ ಮೂಗು ಇದೆ, ಅದು ಕಾರ್ಬ್‌ನ ಗುಳಿಯಲ್ಲಿ ಕೂರಬೇಕು. ವಾಪಸ್ ಹಾಕುವಾಗ ಎಡಗಡೆ ಅದು ಕೂತಿರಲಿಲ್ಲ, ಅಂಚು ಮುಚ್ಚಳದ ಕೆಳಗೆ ಸಿಕ್ಕಿಕೊಂಡಿತ್ತು. ಮೊದಲ ಎರಡು ಹಾರಾಟ ಸರಿಯಾಗೇ ಇತ್ತು, ಆಮೇಲೆ ಹರಿಯುತ್ತಾ ಬಂದಿದೆ. ಅದಕ್ಕೇ ತಪಾಸಣೆಯ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಬೇರೆ ಮೆಕ್ಯಾನಿಕ್ ಮಾಡಿದ್ದರೆ ಮೊದಲ ದಿನವೇ ಅವನನ್ನು ಹಿಡಿದು ಕೇಳುತ್ತಿದ್ದೆ ಅನ್ನುವುದೂ ನಿಜ.

ಎರಡೂ ಕಡೆಗೆ ಹೊಸ ಡಯಾಫ್ರಮ್ ತರಿಸಿ ಹಾಕಿದೆ. ಗೇಜ್ ಕಟ್ಟಿ ಎರಡೂ ಕಾರ್ಬ್ ಒಂದೇ ಸಮ ಕೆಲಸ ಮಾಡುವ ಹಾಗೆ ಸಿಂಕ್ ಮಾಡಿದೆ. ಹಗ್ಗ ಕಟ್ಟಿ ಫುಲ್ ಥ್ರಾಟಲ್: 29 ಡಿಗ್ರಿಯಲ್ಲಿ 5240. ದಿಕ್ಸೂಚಿ ಸುಮ್ಮನೆ ಕೂತಿದೆ. ಇಜಿಟಿ ವ್ಯತ್ಯಾಸ 8 ಡಿಗ್ರಿ. ಭಾನುವಾರ ಬೆಳಿಗ್ಗೆ ಏಳಕ್ಕೆ ತಂಪಿನಲ್ಲಿ ಹಾರಿದೆ, ಅರ್ಧ ಟ್ಯಾಂಕ್ ಪೆಟ್ರೋಲ್, ಪೂರ್ತಿ ಹೊತ್ತು ಏರ್‌ಪೋರ್ಟ್ ಮೇಲೇ ಸುತ್ತು. ಮರಗಳು ಮತ್ತೆ ಗಿಡ್ಡವಾಗಿವೆ.

ಪಿಚ್ ಪಾಂಡು

ನನ್ನ ಸಲಹೆ ವಾಪಸ್ ತಗೊಂಡೆ 🙏

ಜಕ್ಕೂರು ಮಾಮ

ಒಳ್ಳೇದಾಯ್ತು. ಬಲಗಡೆ ಹಳೇ ಡಯಾಫ್ರಮ್ ಬಿಸಾಡುವ ಮೊದಲು ನೋಡಿದ್ರಾ?

ಗ್ಯಾರೇಜ್ ಹಕ್ಕಿ

ನೋಡಿದೆ ಮಾಮ. ಹರುಕಿಲ್ಲ, ಮೂಗು ಗುಳಿಯಲ್ಲೇ ಕೂತಿತ್ತು. ಏಪ್ರಿಲ್‌ನಲ್ಲಿ ಆ ಕಡೆಯದನ್ನು ಹಾಕುವಾಗ ಮಗಳು ಟಾರ್ಚ್ ಹಿಡಿದುಕೊಂಡಿದ್ದಳು.